ಪೊಟ್ಯಾಶಿಯಂ ಬಾಗಿಲು ಎಲ್ಲಿದೆ? ಚಿತ್ರ ಬಿಡಿಸಿ ನರಕೋಶ ಅರಿಯುವುದು ಹೇಗೆ

ಒಂದು ಬಿಳಿ ಹಾಳೆ, ಪೆನ್ಸಿಲ್, ರಬ್ಬರ್, ಕೆಂಪು ಪೆನ್ನು, ನೀಲಿ ಪೆನ್ನು. ಇಷ್ಟು ಇಟ್ಟುಕೊಂಡು ಕೂತರೆ ಅರ್ಧ ಗಂಟೆಯಲ್ಲಿ ಈ ವಿಷಯ ಕೈಗೆ ಸಿಗುತ್ತದೆ. ಪೊಟ್ಯಾಶಿಯಂ ಚಾನಲ್, ಅಂದರೆ ಕೋಶದ ಪೊರೆಯಲ್ಲಿ ಪೊಟ್ಯಾಶಿಯಂ ದಾಟುವ ಬಾಗಿಲು, ನರಕೋಶವನ್ನು ತಣ್ಣಗಾಗಿಸುತ್ತದೆ ಅಂತ ಪಾಠಗಳಲ್ಲಿ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನನಗೆ ಅದು ಸಾಲದು. ಚಾನಲ್ ಕೊಂಬೆಯಲ್ಲಿದ್ದರೆ ಒಂದು ಕೆಲಸ, ಬಾಲದಲ್ಲಿದ್ದರೆ ಇನ್ನೊಂದು ಕೆಲಸ. ಜಾಗ ನೋಡದೆ ಕೆಲಸ ಹೇಳಲು ಆಗುವುದಿಲ್ಲ.

ಮೊದಲು ಕೋಶ ಬಿಡಿಸಿ. ನಡುವೆ ದುಂಡನೆಯ ಒಡಲು. ಒಂದು ಕಡೆ ಕೊಂಬೆ ಕೊಂಬೆಯಾಗಿ ಡೆಂಡ್ರೈಟ್‌ಗಳು, ಬೇರೆ ಕೋಶಗಳ ಸಂದೇಶ ಬಂದು ಬೀಳುವುದು ಇಲ್ಲಿ. ಇನ್ನೊಂದು ಕಡೆ ಉದ್ದನೆಯ ಆಕ್ಸಾನ್, ಕೋಶ ತನ್ನ ಸಂದೇಶ ಕಳಿಸುವುದು ಇದರಲ್ಲಿ. ಆಕ್ಸಾನ್ ಸುತ್ತ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯ ಪದರ ಹಾಕಿ. ಪೂರ್ತಿ ಮುಚ್ಚಬೇಡಿ, ಅಲ್ಲಲ್ಲಿ ಸಣ್ಣ ಸಂದು ಬಿಡಿ.

ಈಗ ಹಾಳೆಯ ಮೂಲೆಯಲ್ಲಿ ನಾಲ್ಕು ಅಂಕಿ ಬರೆದುಕೊಳ್ಳಿ. ಕೋಶದ ಒಳಗೆ ಪೊಟ್ಯಾಶಿಯಂ ಲೀಟರಿಗೆ ಸುಮಾರು 140 ಮಿಲಿಮೋಲ್, ಹೊರಗೆ 4ರ ಆಸುಪಾಸು. ಸುಮ್ಮನಿರುವ ಕೋಶದ ವೋಲ್ಟೇಜ್ ಸುಮಾರು ಮೈನಸ್ 70 ಮಿಲಿವೋಲ್ಟ್, ಅದು ಮೈನಸ್ 55ರ ಹತ್ತಿರ ಬಂದರೆ ಕೋಶ ಮಿಡಿಯುತ್ತದೆ, ಅಂದರೆ ವಿದ್ಯುತ್ ಸಂದೇಶ ಹೊರಡಿಸುತ್ತದೆ. ಪೊಟ್ಯಾಶಿಯಂ ಬಾಗಿಲು ತೆರೆದರೆ ಒಳಗೆ ಜಾಸ್ತಿ ಇರುವುದು ಹೊರಗೆ ಹರಿಯುತ್ತದೆ, ಜೊತೆಗೆ ಪ್ಲಸ್ ಚಾರ್ಜೂ ಹೋಗುತ್ತದೆ. ವೋಲ್ಟೇಜ್ ಮೈನಸ್ 90ರ ಕಡೆ ಇಳಿಯುತ್ತದೆ. ಸೋಡಿಯಂ ಒಳನುಗ್ಗಿ ಎಬ್ಬಿಸುತ್ತದೆ, ಪೊಟ್ಯಾಶಿಯಂ ಹೊರಬಿದ್ದು ಕೂರಿಸುತ್ತದೆ. ವಿಜ್ಞಾನಿಗಳಾದ ಹಾಜ್‌ಕಿನ್ ಮತ್ತು ಹಕ್ಸ್‌ಲಿ 1952ರಲ್ಲಿ ಸ್ಕ್ವಿಡ್ ಎಂಬ ಕಡಲ ಜೀವಿಯ ದಪ್ಪ ಆಕ್ಸಾನ್ ಅಳೆದು ತೋರಿಸಿದ್ದು ಇದನ್ನೇ.

ನೀಲಿ ಪೆನ್ನು ತಗೊಳ್ಳಿ, ನೀಲಿ ಚುಕ್ಕಿ ಅಂದರೆ ಪೊಟ್ಯಾಶಿಯಂ ಚಾನಲ್. ಡೆಂಡ್ರೈಟ್ ಮೇಲೆ ಚುಕ್ಕಿ ಇಡಿ, ತುದಿಗೆ ಹೋದಂತೆ ಒತ್ತೊತ್ತಾಗಿ. ಇದು ಸುಮ್ನೆ ಅಂದಕ್ಕಲ್ಲ. ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್‌ನ ಪಿರಮಿಡ್ ಕೋಶಗಳಲ್ಲಿ, ಒಡಲಿನಿಂದ 350 ಮೈಕ್ರೋಮೀಟರ್ ದೂರ ಹೋಗುವಷ್ಟರಲ್ಲಿ, ಬೇಗ ತೆರೆದು ಬೇಗ ಮುಚ್ಚುವ ಪೊಟ್ಯಾಶಿಯಂ ಚಾನಲ್‌ಗಳ ದಟ್ಟಣೆ ಸುಮಾರು ಐದು ಪಟ್ಟು ಏರುತ್ತದೆ ಅಂತ 1997ರಲ್ಲಿ ಇಲಿಗಳಲ್ಲಿ ಅಳೆದಿದ್ದಾರೆ. ಮಿಡಿತ ಆಕ್ಸಾನ್‌ನಲ್ಲಿ ಮುಂದೆ ಹೋಗುತ್ತದೆ, ಕೊಂಬೆಗಳ ಕಡೆಗೂ ವಾಪಸ್ ಬರುತ್ತದೆ. ಈ ಚಾನಲ್‌ಗಳು ಅದನ್ನು ದಾರಿಯಲ್ಲೇ ಕುಗ್ಗಿಸುತ್ತವೆ. ತುದಿಯಲ್ಲಿ ಬಿದ್ದ ಸಣ್ಣಪುಟ್ಟ ಸಂದೇಶಗಳನ್ನೂ ತಗ್ಗಿಸುತ್ತವೆ.

ಮುಂದೆ, ಒಡಲಿನಿಂದ ಆಕ್ಸಾನ್ ಹೊರಡುವ ಬುಡ. ಮಿಡಿಯಬೇಕೋ ಬೇಡವೋ ಅಂತ ತೀರ್ಮಾನ ಆಗುವುದು ಇಲ್ಲೇ. ಕೆಂಪಿನಲ್ಲಿ ಸೋಡಿಯಂ ಚಾನಲ್, ಪಕ್ಕದಲ್ಲೇ ನೀಲಿಯಲ್ಲಿ ಕೆವಿ7 ಎಂಬ ಪೊಟ್ಯಾಶಿಯಂ ಚಾನಲ್ ಇಡಿ. ಆಂಕಿರಿನ್-ಜಿ ಎಂಬ ಪ್ರೋಟೀನ್ ಎರಡನ್ನೂ ಇಲ್ಲೇ ಕಟ್ಟಿಹಾಕುತ್ತದೆ. ಕೆವಿ7 ನಿಧಾನಕ್ಕೆ ತೆರೆಯುತ್ತದೆ, ತೆರೆದರೆ ಬೇಗ ಮುಚ್ಚುವುದಿಲ್ಲ. ಒಂದರ ಹಿಂದೆ ಒಂದು ಮಿಡಿಯುತ್ತಾ ಹೋಗುವುದಕ್ಕೆ ಅದು ಬ್ರೇಕ್. ಇದರ ಜೀನ್ ಕೆಟ್ಟಿರುವ ಕೆಲವು ಕುಟುಂಬಗಳಲ್ಲಿ ಹುಟ್ಟಿದ ಮೊದಲ ವಾರದಲ್ಲೇ ಮಗುವಿಗೆ ಫಿಟ್ಸ್ ಬರುತ್ತದೆ. ಈ ಕುಟುಂಬಗಳ ಹೆಚ್ಚಿನ ಮಕ್ಕಳಲ್ಲಿ ಕೆಲವು ತಿಂಗಳಲ್ಲಿ ಅದು ನಿಲ್ಲುತ್ತದೆ.

ಆಕ್ಸಾನ್ ತುದಿಯಲ್ಲೂ ಎರಡು ನೀಲಿ ಚುಕ್ಕಿ ಇಟ್ಟುಬಿಡಿ. ಅಲ್ಲಿ ಅವು ಮಿಡಿತವನ್ನು ಬೇಗ ಮುಗಿಸುತ್ತವೆ. ಹಾಗಾಗಿ ಒಳಬರುವ ಕ್ಯಾಲ್ಸಿಯಂ ಕಡಿಮೆ, ಮುಂದಿನ ಕೋಶಕ್ಕೆ ಸುರಿಯುವ ರಾಸಾಯನಿಕವೂ ಕಡಿಮೆ.

ಇನ್ನು ನನಗೆ ತುಂಬ ಇಷ್ಟದ ಜಾಗ, ಮಯಲಿನ್ ನಡುವಿನ ಸಂದು. ಇದನ್ನು ದೊಡ್ಡದಾಗಿ ಬೇರೆಯೇ ಬಿಡಿಸಿಕೊಳ್ಳಿ. ನಿಜದಲ್ಲಿ ಇದರ ಅಗಲ ಸುಮಾರು ಒಂದು ಮೈಕ್ರೋಮೀಟರ್. ಅದರೊಳಗೆ ಕೆಂಪು ಚುಕ್ಕಿ ತುಂಬಿ. ಎರಡೂ ಪಕ್ಕ ಮಯಲಿನ್ ಅಂಚು ಆಕ್ಸಾನ್‌ಗೆ ಬಿಗಿಯಾಗಿ ಅಂಟಿದ ಪಟ್ಟಿ ಇದೆ, ಅದನ್ನು ಖಾಲಿ ಬಿಡಿ. ಅದರಾಚೆ, ಮಯಲಿನ್ ಕೆಳಗೆ ಅಡಗಿದ ಹಾಗೆ, ನೀಲಿ ಚುಕ್ಕಿ ಒತ್ತಾಗಿ ಇಡಿ. ಇವು ಕೆವಿ1 ಎಂಬ ಇನ್ನೊಂದು ಬಗೆಯ ಪೊಟ್ಯಾಶಿಯಂ ಚಾನಲ್. ಕ್ಯಾಸ್ಪರ್2 ಎಂಬ ಪ್ರೋಟೀನ್ ಇವನ್ನು ಅಲ್ಲೇ ಹಿಡಿದಿಡುತ್ತದೆ. ಕೆಂಪು, ಖಾಲಿ, ನೀಲಿ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಇದೇ ಪಟ್ಟೆಗಳು ಕಾಣುತ್ತವೆ. ಮುಚ್ಚಿದ ಜಾಗದಲ್ಲಿರುವುದರಿಂದ ಕೆವಿ1 ಸಂದಿನ ಮಿಡಿತಕ್ಕೆ ಹೆಚ್ಚು ಅಡ್ಡಿ ಮಾಡುವುದಿಲ್ಲ.

ಈಗ ರಬ್ಬರ್ ತಗೊಂಡು ಮಯಲಿನ್ ಅಳಿಸಿ. ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆಯಲ್ಲಿ ಆಗುವುದು ಇದೇ. ನೀಲಿ ಚುಕ್ಕಿಗಳು ಬಯಲಿಗೆ ಬಿದ್ದವು, ಅಲ್ವಾ? ಚಾನಲ್ ಅದೇ, ಮೇಲಿನ ಮುಚ್ಚಳ ಹೋಯಿತು ಅಷ್ಟೆ. ಪೊಟ್ಯಾಶಿಯಂ ಅಲ್ಲಿಂದ ಸೋರಿ ಸಂದೇಶ ನಡುದಾರಿಯಲ್ಲೇ ಆರಿಹೋಗಬಹುದು. ಅದಕ್ಕೇ ಈ ಬಾಗಿಲುಗಳನ್ನು ಅಡ್ಡಗಟ್ಟುವ 4-ಅಮಿನೋಪಿರಿಡಿನ್ ಔಷಧಿಯನ್ನು ನಡಿಗೆ ಸುಧಾರಿಸಲು ಕೊಡುತ್ತಾರೆ. ಅಮೆರಿಕದಲ್ಲಿ 2010ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಎಲ್ಲರಿಗೂ ಫಲ ಸಿಗುವುದಿಲ್ಲ. ಔಷಧಿ ಜಾಗ ನೋಡಿ ಹೋಗುವುದೂ ಇಲ್ಲ. ಆಕ್ಸಾನ್ ತುದಿಯಲ್ಲಿ ಇಟ್ಟಿರಲ್ಲ, ಆ ಎರಡು ನೀಲಿ ಚುಕ್ಕಿ, ಅವನ್ನೂ ಅದು ಮುಚ್ಚುತ್ತದೆ. ಡೋಸ್ ಜಾಸ್ತಿಯಾದರೆ ಫಿಟ್ಸ್ ಬರಬಹುದು. ಮೊದಲೇ ಫಿಟ್ಸ್ ಬಂದವರಿಗೆ ಈ ಔಷಧಿ ಕೊಡುವುದಿಲ್ಲ.