ಮಗುವಿನ ರಾತ್ರಿ ನಿದ್ದೆಗೆ ಬೆಳಗಿನ ಕೀಲಿ

ರಾತ್ರಿ ಹನ್ನೊಂದಾದರೂ ಮಗು ಕಣ್ಣು ಮುಚ್ಚುವುದಿಲ್ಲ ಎಂದು ಅಲವತ್ತುಕೊಳ್ಳುವ ತಾಯಂದಿರನ್ನು ನಾನು ಮೊದಲು ಕೇಳುವುದು, ಅದು ಬೆಳಿಗ್ಗೆ ಏಳುವುದು ಎಷ್ಟು ಹೊತ್ತಿಗೆ ಎಂಬುದನ್ನು. ಎಂಟೂವರೆಯವರೆಗೆ ಪರದೆ ಎಳೆದು ಮಲಗಿಸಿದ ಕೂಸಿಗೆ ರಾತ್ರಿ ಒಂಬತ್ತಕ್ಕೆ ನಿದ್ದೆ ಎಲ್ಲಿಂದ ಬರಬೇಕು? ಮೈಸೂರಿನ ಸರಸ್ವತಿಪುರದ ಈ ಮನೆಯಲ್ಲಿ ಮೂರು ಮಕ್ಕಳನ್ನೂ ಆಮೇಲೆ ನಾಲ್ಕು ಮೊಮ್ಮಕ್ಕಳನ್ನೂ ತಟ್ಟಿ ಮಲಗಿಸಿದ ಅನುಭವದಿಂದ ಹೇಳುತ್ತೇನೆ, ರಾತ್ರಿಯ ನಿದ್ದೆಯನ್ನು ತಿದ್ದಬೇಕಾದರೆ ಬೆಳಗಿನ ಎಚ್ಚರವನ್ನು ಮೊದಲು ತಿದ್ದಬೇಕು. ಭಾನುವಾರವನ್ನೂ ಬಿಡದೆ ಒಂದೇ ಹೊತ್ತಿಗೆ ಎಬ್ಬಿಸಿ, ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡುವಾಗ ಮಗುವನ್ನೂ ಜಗುಲಿಯ ಮೇಲೆ ಕೂರಿಸಿಕೊಂಡರೆ, ಆ ಎಳೆಬಿಸಿಲೇ ಅದರ ದೇಹದ ಗಡಿಯಾರಕ್ಕೆ ಕೀಲಿ ಕೊಡುತ್ತದೆ.

ಹಗಲು ನಿದ್ದೆಯೂ ಸೇರಿ ಒಂದರಿಂದ ಎರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ, ಮೂರರಿಂದ ಐದು ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕೆಂಬುದು ವೈದ್ಯರ ಲೆಕ್ಕ. ಬೆಳಿಗ್ಗೆ ಆರೂವರೆಗೆ ಎದ್ದು ಶಾಲೆಯ ವ್ಯಾನು ಹತ್ತುವ ನಾಲ್ಕು ವರ್ಷದ ಮಗು ಮಧ್ಯಾಹ್ನ ಒಂದು ಗಂಟೆ ಮಲಗಿದರೂ, ರಾತ್ರಿ ಒಂಬತ್ತರೊಳಗೆ ನಿದ್ದೆಹೋಗಲೇಬೇಕು. ಹಗಲು ನಿದ್ದೆ ಸಂಜೆ ನಾಲ್ಕರಾಚೆಗೆ ಮುಂದುವರಿಯದಿರಲಿ.

ನಮ್ಮ ಊರಿನ ಮನೆಗಳಲ್ಲಿ ನಿದ್ದೆ ಕದಿಯುವ ಇನ್ನೊಬ್ಬ ಕಳ್ಳನೆಂದರೆ ಸಂಜೆಯ ಕಾಫಿ. ಮೂರು ವರ್ಷದ ನನ್ನ ಕಿರಿಯ ಮೊಮ್ಮಗ ರಾತ್ರಿ ಹತ್ತಾದರೂ ಮಂಚದ ಮೇಲೆ ಕುಣಿಯುತ್ತಿದ್ದ. ಸೊಸೆ ಬಿಸಿ ಹಾಲು ಕುಡಿಸಿ, ಅಂಗಾಲಿಗೆ ಎಣ್ಣೆ ನೀವಿ ಸೋತಿದ್ದಳು. ಒಂದು ದಿನ ಐದು ಗಂಟೆಗೆ ಅಡುಗೆಮನೆಯಿಂದ ಹೊರಬಂದು ನೋಡಿದರೆ, ಅವನ ತಾತ ತಮ್ಮ ಲೋಟದಲ್ಲಿ ಉಳಿದ ಕಾಫಿಯನ್ನು ಬಟ್ಟಲಿಗೆ ಬಗ್ಗಿಸಿ, ಊದಿ ಊದಿ ಆರಿಸಿ ಕುಡಿಸುತ್ತಿದ್ದರು. ಮಗುವಿನ ಮೇಲ್ತುಟಿಗೆ ನೊರೆಯ ಮೀಸೆ ಬಂದಿತ್ತು. ದೊಡ್ಡವರ ಮೈಯಿಂದಲೇ ಕೆಫೀನ್ ಅರ್ಧದಷ್ಟು ಇಳಿಯಲು ಸುಮಾರು ಐದು ಗಂಟೆ ಹಿಡಿಯುವಾಗ ಆ ಪುಟ್ಟ ದೇಹದ ಪಾಡೇನು? ಮರುದಿನದಿಂದ ಅದೇ ಬಟ್ಟಲಿನಲ್ಲಿ ಬೆಲ್ಲ ಹಾಕಿದ ರಾಗಿ ಗಂಜಿ ಕೊಟ್ಟೆವು. ವಾರ ಕಳೆಯುವುದರೊಳಗೆ ಒಂಬತ್ತಕ್ಕೆಲ್ಲ ಅವನ ಕಣ್ಣು ಎಳೆಯತೊಡಗಿತು. ತಾತನಿಗೆ ಮಾತ್ರ ನನ್ನ ಮೇಲೆ ಇನ್ನೂ ಮುನಿಸಿದೆ.

ಆಕಳಿಸುವುದು, ಕಣ್ಣುಜ್ಜುವುದು, ಕಿವಿ ಎಳೆದುಕೊಳ್ಳುವುದು ಕಂಡೊಡನೆ ಮಲಗಿಸಬೇಕು. ಧಾರಾವಾಹಿ ಮುಗಿಯಲೆಂದು ಆ ಗಳಿಗೆಯನ್ನು ಕಳೆದುಕೊಂಡರೆ, ದಣಿದ ಮಗು ತೂಕಡಿಸುವ ಬದಲು ರಚ್ಚೆ ಹಿಡಿಯುತ್ತದೆ, ಇಲ್ಲವೇ ಮನೆಯೆಲ್ಲ ಓಡಾಡುತ್ತದೆ. ನಾವು ಅದಕ್ಕೆ ನಿದ್ದೆಯೇ ಬಂದಿಲ್ಲವೆಂದು ತಪ್ಪು ತಿಳಿಯುತ್ತೇವೆ. ಮಲಗುವ ಒಂದು ಗಂಟೆ ಮೊದಲೇ ಟಿವಿ, ಮೊಬೈಲು ಆರಿಸಿ, ನಡುಮನೆಯ ದೊಡ್ಡ ದೀಪವನ್ನೂ ತಗ್ಗಿಸಿ, ಕೈಕಾಲು ತೊಳೆಸಿ, ದಿನವೂ ಅದೇ ಜೋಗುಳವನ್ನು ಹಾಡಿ. ಕಂಠ ಚೆನ್ನಾಗಿರಬೇಕೆಂದೇನೂ ಇಲ್ಲ, ನನ್ನದಂತೂ ಇಲ್ಲ. ಪೂರ್ತಿ ನಿದ್ದೆ ಹತ್ತುವವರೆಗೆ ತೋಳಲ್ಲಿ ತೂಗದೆ, ಮಂಪರು ಕವಿದಾಗಲೇ ಹಾಸಿಗೆಯಲ್ಲಿ ಬಿಟ್ಟು ತಟ್ಟಿದರೆ, ನಡುರಾತ್ರಿ ಎಚ್ಚರವಾದಾಗಲೂ ಅದು ತಾನಾಗಿ ಮತ್ತೆ ನಿದ್ದೆಗೆ ಜಾರುವುದನ್ನು ಕಲಿಯುತ್ತದೆ.

ವರ್ಷ ತುಂಬದ ಕೂಸನ್ನು ಅಂಗಾತ ಮಲಗಿಸಬೇಕು. ಹತ್ತಿರ ದಿಂಬು, ದಪ್ಪ ಹೊದಿಕೆ ಬೇಡ. ನಿದ್ದೆ ಬರಲೆಂದು ಜೇನು ನೆಕ್ಕಿಸುವ ಹಳೆಯ ಪದ್ಧತಿ ಈ ವಯಸ್ಸಿನಲ್ಲಿ ಅಪಾಯಕಾರಿ. ಯಾವ ವಯಸ್ಸಿನ ಮಗುವಾಗಲಿ, ಶೀತವಿಲ್ಲದಿದ್ದರೂ ಬಾಯಿ ತೆರೆದು ನಿತ್ಯ ಗೊರಕೆ ಹೊಡೆಯುತ್ತಿದ್ದರೆ ವೈದ್ಯರಿಗೆ ತೋರಿಸಿ.

ದಸರೆಯ ಹತ್ತು ದಿನ ಈ ನಿಯಮವೆಲ್ಲ ಮುರಿದುಬೀಳುತ್ತದೆಂಬುದು ನನಗೂ ಗೊತ್ತು. ದೀಪಾಲಂಕಾರ ನೋಡಲು ಹೊರಟ ಮಗುವನ್ನು ಎಂಟೂವರೆಗೆ ಮಲಗು ಎನ್ನುವಷ್ಟು ಕಟುಕಿ ನಾನಲ್ಲ. ಜಂಬೂಸವಾರಿಯ ಮರುದಿನ ಬೆಳಿಗ್ಗೆ ಮಾತ್ರ ಎಂದಿನ ಹೊತ್ತಿಗೇ ಎಬ್ಬಿಸುತ್ತೇನೆ, ರಾತ್ರಿಯ ಹೊತ್ತನ್ನು ದಿನಕ್ಕೆ ಕಾಲು ಗಂಟೆಯಂತೆ ಹಿಂದಕ್ಕೆ ತರುತ್ತೇನೆ. ದೀಪಾವಳಿಯ ಪಟಾಕಿ ಬರುವಷ್ಟರಲ್ಲಿ ಎಲ್ಲವೂ ಹಳಿಗೆ ಬಂದಿರುತ್ತದೆ.