102 ಹುಣಸೆ ಬೀಜದ ಲೆಕ್ಕ

ದಾವಣಗೆರೆಯ ನಮ್ಮ ಮನೆಯ ಪಡಸಾಲೆಯಲ್ಲಿ ಭಾನುವಾರ ಸಂಜೆ ನಾನು ಮತ್ತು ನಮ್ಮ ಭಾವ ಎದುರುಬದುರು ಕುಳಿತು ಪೋಕರ್ ಆಡುತ್ತೇವೆ. ಹಣ ಇಡುವುದಿಲ್ಲ, ತಲಾ 200 ಹುಣಸೆ ಬೀಜ ಇಟ್ಟುಕೊಳ್ಳುತ್ತೇವೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರಲ್ಲಿ ನಿಷೇಧಿಸುವ ಎಷ್ಟೋ ಮೊದಲೇ ನಮ್ಮ ಅಕ್ಕ ಈ ಕಾನೂನನ್ನು ಮನೆಯಲ್ಲಿ ಜಾರಿಗೆ ತಂದಿದ್ದಳು. ಭಾವ ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿ ನಡೆಸುವವರು. ದರ ಏರಿದಾಗಲೂ ಇಳಿದಾಗಲೂ ಅವರ ಮುಖ ಒಂದೇ ತೆರನಾಗಿರುವುದರಿಂದ, ಮುಖ ನೋಡಿ ಎಲೆ ಊಹಿಸುವ ಆಸೆಯನ್ನು ನಾನು ಬಹಳ ಹಿಂದೆಯೇ ಬಿಟ್ಟು ಲೆಕ್ಕ ಹಾಕುವುದನ್ನು ಕಲಿತೆ. ಆ ಲೆಕ್ಕ ಒಮ್ಮೆ ಎಲ್ಲಿ ತಪ್ಪಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾವು ಆಡುವ ಪೋಕರ್‌ನಲ್ಲಿ ತಲಾ ಎರಡು ಎಲೆ ಕೈಯಲ್ಲಿ, ಇಬ್ಬರಿಗೂ ಸೇರಿದ ಐದು ಎಲೆ ನಡುವೆ; ಈ ಏಳರಲ್ಲಿ ಯಾರ ಐದು ಎಲೆ ಮೇಲೋ ಅವರು ಗೆದ್ದಂತೆ. ಇಬ್ಬರೇ ಆಡುವಾಗ ಎಲೆ ಹಂಚುವವನೇ ಚಿಕ್ಕ ಬ್ಲೈಂಡ್, ಅಂದರೆ ಎಲೆ ನೋಡುವ ಮೊದಲೇ ಇಡಬೇಕಾದ ಎರಡು ಪಣಗಳಲ್ಲಿ ಚಿಕ್ಕದನ್ನು, ಇಡುತ್ತಾನೆ. ಫ್ಲಾಪ್ (ನಡುವೆ ಒಟ್ಟಿಗೆ ಬೀಳುವ ಮೊದಲ ಮೂರು ಎಲೆ) ಬಿದ್ದ ಮೇಲಿನ ಸುತ್ತುಗಳಲ್ಲಿ ಕೊನೆಯ ಮಾತು ಅವನದೇ. ಅಂದು ಹಂಚಿದವರು ಭಾವ. ಅವರು 6 ಬೀಜಕ್ಕೆ ಏರಿಸಿದರು, ನಾನು ಆಟೀನ್ ರಾಜ ಮತ್ತು ಡೈಮನ್ ಐದು ಹಿಡಿದು ಕಾಲ್ ಮಾಡಿದೆ, ಅಂದರೆ ನಾನೂ ಅಷ್ಟೇ ಇಟ್ಟೆ. ಫ್ಲಾಪ್‌ನಲ್ಲಿ ಡೈಮನ್ ರಾಜ, ಇಸ್ಪೀಟ್ ಒಂಬತ್ತು, ಇಸ್ಪೀಟ್ ನಾಲ್ಕು ಬಿದ್ದವು. ನಾನು ಏನೂ ಇಡದೆ ಚೆಕ್ ಮಾಡಿದೆ, ಅವರು 8 ಇಟ್ಟರು, ಕಾಲ್ ಮಾಡಿದೆ. ನಾಲ್ಕನೆಯ ಎಲೆಯಾದ ಟರ್ನ್‌ನಲ್ಲಿ ಆಟೀನ್ ಏಳು ಬಂತು. ಅವರು 20 ಇಟ್ಟರು, ಮತ್ತೆ ಕಾಲ್ ಮಾಡಿದೆ. ಕೊನೆಯ ಎಲೆಯಾದ ರಿವರ್‌ನಲ್ಲಿ ಯಾರಿಗೂ ಉಪಯೋಗವಿಲ್ಲದಂತೆ ಕಾಣುವ ಕಳಾವರ್ ಎರಡು ಬಿತ್ತು. ಪಾಟ್‌ನಲ್ಲಿ, ಅಂದರೆ ನಡುವಿನ ರಾಶಿಯಲ್ಲಿ, 68 ಬೀಜಗಳಿದ್ದವು. ಭಾವ ನಿಧಾನವಾಗಿ ಎಣಿಸಿ 102 ಬೀಜಗಳನ್ನು ಮುಂದಕ್ಕೆ ತಳ್ಳಿ, "ಏನಪ್ಪಾ, ನೋಡ್ತೀಯೋ ಬಿಡ್ತೀಯೋ?" ಎಂದರು.

ಮೊದಲು ಬೆಲೆ. ನಾನು 102 ಇಟ್ಟರೆ ಪಾಟ್ ಒಟ್ಟು 272 ಆಗುತ್ತದೆ, ಅಂದರೆ ಎಂಟು ಸಲದಲ್ಲಿ ಮೂರು ಸಲ ಗೆದ್ದರೆ ಸರಿಸಮ. ಅವರ ಬಳಿ ನಿಜವಾದ ಎಲೆಯಿರುವ ಪ್ರತಿ ಐದು ಬಗೆಗೆ, ಏನೂ ಇಲ್ಲದೆ ಹೆದರಿಸುವ ಬ್ಲಫ್‌ನ ಮೂರು ಬಗೆಗಳಾದರೂ ಇರಬೇಕು.

ಇಷ್ಟು ದೊಡ್ಡ ಮೊತ್ತವನ್ನು ಎರಡು ಜೋಡಿ ಅಥವಾ ಅದಕ್ಕಿಂತ ಮೇಲಿನದಿಲ್ಲದೆ ಯಾರೂ ಇಡುವುದಿಲ್ಲ ಎಂದು ಭಾವಿಸಿ ಎಣಿಸಿದೆ. ಕೈಯಲ್ಲಿ ಎರಡು ರಾಜ ಇರಲು ಉಳಿದಿರುವುದು ಒಂದೇ ದಾರಿ. ಎರಡು ಒಂಬತ್ತು, ಎರಡು ಏಳು, ಎರಡು ನಾಲ್ಕು ಇರಲು ತಲಾ ಮೂರು ದಾರಿ. ರಾಜನ ಜೊತೆ ಒಂಬತ್ತೋ ಏಳೋ ನಾಲ್ಕೋ ಇರಲು ತಲಾ ಆರು. ಒಂಬತ್ತು-ಏಳು ಒಂಬತ್ತು ಬಗೆ. ಒಟ್ಟು 37. ಹಾಗಿದ್ದರೆ ಬ್ಲಫ್‌ಗಳು 22ಕ್ಕಿಂತ ತುಸು ಹೆಚ್ಚಿರಬೇಕು. ಇಸ್ಪೀಟ್ ಫ್ಲಶ್‌ಗೆ (ಐದೂ ಇಸ್ಪೀಟ್ ಎಲೆಗಳಾಗಲು) ಕಾದು ಸಿಗದೆ ಹೋದ, ಯಾವ ಜೋಡಿಯೂ ಆಗದ ಎಲೆಗಳೆಂದರೆ ಇಸ್ಪೀಟಿನ ಎಕ್ಕ, ರಾಣಿ, ಗುಲಾಮ, ಹತ್ತು, ಎಂಟು, ಆರು, ಐದು, ಮೂರು. ಈ ಎಂಟರಲ್ಲಿ ಎರಡೆರಡನ್ನು ಆರಿಸಿದರೆ 28 ಬಗೆ. ನನ್ನ ಐದು ಡೈಮನ್ ಆಗಿರದೆ ಇಸ್ಪೀಟ್ ಆಗಿದ್ದರೆ ಉಳಿಯುತ್ತಿದ್ದದ್ದು 21 ಮಾತ್ರ, ಆಗ ಎಲೆ ಬಿಟ್ಟುಕೊಟ್ಟು ಫೋಲ್ಡ್ ಮಾಡಬೇಕಾಗುತ್ತಿತ್ತು. ಕೈಯಲ್ಲಿ ಇಸ್ಪೀಟ್ ಇಲ್ಲದಿರುವುದೇ ಇಲ್ಲಿ ಲಾಭ ಎಂಬುದು ಬಹಳ ಜನರಿಗೆ ತಲೆಕೆಳಗಾಗಿ ಕಾಣುತ್ತದೆ. ನನಗೂ ಅರ್ಥವಾಗಲು ತಿಂಗಳುಗಳು ಹಿಡಿದವು. ಈ 28ರಲ್ಲಿ ಎಲ್ಲವನ್ನೂ ಅವರು ಬ್ಲಫ್ ಮಾಡಲಾರರು, ನಿಜ. ಆದರೆ ಹತ್ತು-ಎಂಟು, ಎಂಟು-ಆರು ಹಿಡಿದು ಸಾಲು ಕಟ್ಟಲಾಗದೆ ಉಳಿದ ಎಲೆಗಳೂ ಇರುವುದರಿಂದ ಅದಕ್ಕೂ ಇದಕ್ಕೂ ಸರಿಹೋಗುತ್ತದೆ ಎಂದುಕೊಂಡೆ.

ನನ್ನ ರಾಜನ ಪಕ್ಕದಲ್ಲಿ ಐದು ಇದ್ದರೇನು, ರಾಣಿ ಇದ್ದರೇನು, ಎರಡೂ ಬ್ಲಫ್ ಅನ್ನು ಮಾತ್ರ ಸೋಲಿಸುತ್ತವೆ ಎಂದು ಸಮಾಧಾನ ಹೇಳಿಕೊಂಡು 102 ಬೀಜ ಇಟ್ಟೆ.

ಭಾವ ತೋರಿಸಿದ್ದು ಕಳಾವರ್ ರಾಜ, ಕಳಾವರ್ ಹತ್ತು. ನನ್ನದೇ ಜೋಡಿ, ಪಕ್ಕದ ಎಲೆ ಮಾತ್ರ ದೊಡ್ಡದು. "ನಿನ್ನ ಹತ್ರ ರಾಜ ಇದ್ರೆ ನೀನು ಬಿಡಲ್ಲ ಅಂತ ಗೊತ್ತಿತ್ತು ಕಣಪ್ಪಾ" ಎನ್ನುತ್ತಾ ಬೀಜಗಳನ್ನು ಎರಡೂ ಕೈಯಲ್ಲಿ ಬಾಚಿಕೊಂಡರು.

ಗುಣಾಕಾರದಲ್ಲಿ ತಪ್ಪಿರಲಿಲ್ಲ, ಪಟ್ಟಿಯಲ್ಲಿ ತಪ್ಪಿತ್ತು. ಒಂದೇ ಜೋಡಿ ಹಿಡಿದು ಪಾಟ್‌ನ ಒಂದೂವರೆಯಷ್ಟು ಇಡಲು ನನಗೆ ಧೈರ್ಯವಿಲ್ಲ. ಆದ್ದರಿಂದ ಅವರಿಗೂ ಇಲ್ಲವೆಂದು, ಅವರ ಎಲೆಗಳನ್ನು ನನ್ನ ತಲೆಯಿಂದ ಆರಿಸಿದ್ದೆ. ರಾಜನ ಜೊತೆ ಎಕ್ಕ, ರಾಣಿ, ಗುಲಾಮ, ಹತ್ತು ತಲಾ ಎಂಟು ಬಗೆಯಲ್ಲಿ ಬರುತ್ತವೆ, ಒಟ್ಟು 32. ಅವನ್ನೂ ಸೇರಿಸಿದರೆ 69 ಆಗಿ, ಬ್ಲಫ್‌ಗಳು 41 ದಾಟಿರಬೇಕಾಗಿತ್ತು. ಐದಕ್ಕೂ ರಾಣಿಗೂ ವ್ಯತ್ಯಾಸವಿಲ್ಲ ಎಂಬ ನನ್ನ ಸಮಾಧಾನವೂ ಅಲ್ಲಿಗೆ ಮುಗಿಯಿತು.

ಅಂದಿನಿಂದ ಒಂದು ನೂರು ಪುಟದ ಪುಸ್ತಕದಲ್ಲಿ, ಭಾವ ಪಾಟ್‌ಗಿಂತ ಹೆಚ್ಚು ಇಟ್ಟಾಗಲೆಲ್ಲ ಕೊನೆಗೆ ಏನು ತೋರಿಸಿದರೆಂದು ಬರೆದಿಡುತ್ತಿದ್ದೇನೆ. ಇದರಲ್ಲೂ ಒಂದು ತೊಡಕಿದೆ. ನಾನು ಕಾಲ್ ಮಾಡಿದ ಎಲೆಗಳಷ್ಟೇ ಪುಸ್ತಕಕ್ಕೆ ಬರುತ್ತವೆ, ಬಿಟ್ಟುಕೊಟ್ಟವು ಬರುವುದಿಲ್ಲ. ಕಳೆದ ವಾರ ಫೋಲ್ಡ್ ಮಾಡಿದ ಮೇಲೆ, "ಭಾವ, ಏನಿತ್ತು ಅಂತ ಒಂದ್ಸಲ ತೋರಿಸಿ" ಎಂದು ಕೇಳಿದೆ.

"ನೋಡ್ಬೇಕು ಅಂದ್ರೆ ಬೀಜ ಇಡು" ಎಂದವರೇ ಎಲೆಗಳನ್ನು ಕಟ್ಟಿನೊಳಗೆ ಸೇರಿಸಿ ಕಲೆಸತೊಡಗಿದರು.