ಮೇಜಿನ ಆ ಕಡೆ ಬ್ರಿಟನ್, ಈ ಕಡೆ ಜಪಾನ್

ನಾನು ಡಿಗ್ರಿ ಮಕ್ಕಳಿಗೆ ಇತಿಹಾಸ ಹೇಳಿಕೊಡುತ್ತೇನೆ. ಜಪಾನ್ ತನ್ನ ನೆಲದಲ್ಲಿದ್ದ ವಿದೇಶಿಯರ ಕಾನೂನು ಸವಲತ್ತನ್ನು ಹೇಗೆ ಕೊನೆಗಾಣಿಸಿತು ಅನ್ನೋ ಪಾಠ, ಸುಮ್ನೆ ನೋಟ್ಸ್ ಬರೆಸಿದರೆ ಯಾರ ತಲೆಗೂ ಹೋಗುತ್ತಿರಲಿಲ್ಲ. ಅದಕ್ಕೆ ಈ ಸಲ ಕ್ಲಾಸಿನಲ್ಲೇ ಸಂಧಾನ ನಡೆಸಿದೆ. ಅರ್ಧ ಜನ ಜಪಾನ್, ಅರ್ಧ ಬ್ರಿಟನ್.

ಮೊದಲು ನಾರ್ಮಂಟನ್ ಹಡಗಿನ ಕಥೆ ಹೇಳಿದೆ. 1886ರ ಅಕ್ಟೋಬರ್‌ನಲ್ಲಿ ಆ ಬ್ರಿಟಿಷ್ ಹಡಗು ಮುಳುಗಿದಾಗ ಕ್ಯಾಪ್ಟನ್ ದೋಣಿ ಹತ್ತಿ ಬದುಕಿದ, ಜಪಾನಿ ಪ್ರಯಾಣಿಕರಲ್ಲಿ ಒಬ್ಬರೂ ಉಳಿಯಲಿಲ್ಲ. ವಿಚಾರಣೆ ನಡೆದದ್ದು ಕೋಬೆ ಬಂದರಿನಲ್ಲಿದ್ದ ಬ್ರಿಟಿಷ್ ಕಾನ್ಸುಲ್, ಅಂದರೆ ಬ್ರಿಟನ್ ಸರ್ಕಾರದ ಪ್ರತಿನಿಧಿಯ ಮುಂದೆ. 1858ರ ಒಪ್ಪಂದದಂತೆ ಬ್ರಿಟಿಷರನ್ನು ಜಪಾನಿನ ಕೋರ್ಟು ಮುಟ್ಟುವ ಹಾಗಿರಲಿಲ್ಲ. ಕ್ಯಾಪ್ಟನ್ನನ ತಪ್ಪಿಲ್ಲ ಅಂದರು. ಜನ ರೊಚ್ಚಿಗೆದ್ದ ಮೇಲೆ ಯೊಕೊಹಾಮದಲ್ಲಿ ಮತ್ತೆ ವಿಚಾರಣೆಯಾಗಿ ಮೂರೇ ತಿಂಗಳ ಶಿಕ್ಷೆಯಾಯಿತು.

ಮೊದಲ ದಿನ ಜಪಾನ್ ತಂಡ ಬರೀ ಅನ್ಯಾಯ ಅನ್ಯಾಯ ಅಂತ ಕೂಗಿತು. ಬ್ರಿಟನ್ ತಂಡದ್ದು ಒಂದೇ ಮಾತು: ನಿಮ್ಮ ಕಾನೂನನ್ನು ನಂಬಿ ನಮ್ಮವರನ್ನು ಹೇಗೆ ಒಪ್ಪಿಸೋಣ? ಕೊನೆಗೆ ಜಪಾನ್ ತಂಡದ ಹುಡುಗನೊಬ್ಬ, ನಮ್ಮ ಕೋರ್ಟಿನಲ್ಲಿ ವಿದೇಶಿ ನ್ಯಾಯಾಧೀಶರೂ ಕೂರಲಿ ಅಂದುಬಿಟ್ಟ. ನಾನು ಅಲ್ಲೇ ನಿಲ್ಲಿಸಿದೆ. ಇದೇ ಮಾತಿಗೆ ಒಪ್ಪಿ ಜಪಾನಿನ ವಿದೇಶಾಂಗ ಮಂತ್ರಿ ಇನೊಉಎ ಕಓರು 1887ರಲ್ಲಿ ಮಂತ್ರಿಗಿರಿ ಬಿಡಬೇಕಾಯಿತು. 1889ರಲ್ಲಿ ಅದೇ ಹಾದಿ ಹಿಡಿದ ವಿದೇಶಾಂಗ ಮಂತ್ರಿ ಓಕುಮ ಶಿಗೆನೊಬು ಮೇಲೆ ಬಾಂಬ್ ಬಿತ್ತು, ಒಂದು ಕಾಲೇ ಹೋಯಿತು.

ಮರುದಿನ ಭೂಪಟ, ಕೈವಾರ ಕೊಟ್ಟೆ. ಯೊಕೊಹಾಮದ ಸುತ್ತ ಹತ್ತು ರಿ, ಅಂದರೆ ಸುಮಾರು 40 ಕಿಲೋಮೀಟರ್. ಅದರಾಚೆ ವಿದೇಶಿಯರು ಪರವಾನಗಿ ಇಲ್ಲದೆ ಹೋಗುವಂತಿರಲಿಲ್ಲ. ಬ್ರಿಟನ್ ಕಡೆಯ ಹುಡುಗಿ ವೃತ್ತ ಎಳೆದು, ಪೆನ್ಸಿಲ್ ಅಲ್ಲೇ ಇಟ್ಟುಕೊಂಡು, ಗುನ್ಮ ಪ್ರಾಂತ್ಯದ ಕಡೆ ನೋಡುತ್ತಾ ಕೇಳಿದಳು: "ಸರ್, ರೇಷ್ಮೆಯ ಊರುಗಳೆಲ್ಲ ಗೆರೆಯ ಆಚೆ ಇವೆ ಅಲ್ವಾ?"

ಅಲ್ಲಿಂದ ಮಾತು ದಾರಿಗೆ ಬಂತು. ಜಪಾನ್ ತಂಡ ಹೇಳಿತು: ದೇಶದ ಒಳಗೆ ಬಿಡುತ್ತೇವೆ, ನಿಮ್ಮ ಕಾನ್ಸುಲ್ ಕೋರ್ಟು ಮುಚ್ಚಿ. ವಿದೇಶಾಂಗ ಮಂತ್ರಿ ಮುತ್ಸು ಮುನೆಮಿತ್ಸು ಕಾಲದಲ್ಲಿ, 1894ರ ಜುಲೈ 16ರಂದು ಲಂಡನ್ನಿನಲ್ಲಿ ಸಹಿ ಬಿದ್ದ ಒಪ್ಪಂದದ ತಿರುಳೂ ಇದೇ. ಜಾರಿಗೆ ಬಂದದ್ದು 1899ರಲ್ಲಿ, ಅಷ್ಟರೊಳಗೆ ಜಪಾನ್ ತನ್ನ ಸಿವಿಲ್ ಕಾನೂನು ಪೂರ್ತಿ ಬರೆದು ಮುಗಿಸಿತ್ತು. ನಮ್ಮ ಮಕ್ಕಳು ಜಾಸ್ತಿ ಜಗಳವಾಡಿದ್ದೂ ಈ ಐದು ವರ್ಷದ ಮೇಲೆಯೇ, ಗಂಟೆ ಹೊಡೆದರೂ ಎದ್ದು ಹೋಗಲಿಲ್ಲ.

ಆಮದು ಸುಂಕ ನಾವೇ ಹಾಕುತ್ತೇವೆ ಅನ್ನೋ ಜಪಾನಿನ ಪಟ್ಟು ಮಾತ್ರ ನಮ್ಮ ಮೇಜಿನ ಮೇಲೂ ಬಗೆಹರಿಯಲಿಲ್ಲ. ಅದಕ್ಕೆ ಅವರು 1911ರವರೆಗೆ ಕಾದರು. ನಾವು ಆ ಸುತ್ತನ್ನು ಮುಂದಿನ ವಾರಕ್ಕೆ ಇಟ್ಟುಕೊಂಡಿದ್ದೇವೆ.